ಮನೆಯಂಗಳದ ವ್ಯವಹಾರ ಪಾಠ

ವಾಣಿಜ್ಯ ವಿಭಾಗವನ್ನು ಆರಿಸಿಕೊಂಡ ನಮ್ಮ ಪದವಿಪೂರ್ವ ವಿದ್ಯಾರ್ಥಿಗಳಿಗೆ ‘ವ್ಯವಹಾರ ಅಧ್ಯಯನ’ವೆಂಬುದೊಂದು ವಿಷಯವುಂಟು. ನಾನು ಕಲಿಸುವುದು ಕನ್ನಡವಾದರೂ ಆ ಪುಸ್ತಕವನ್ನು ಆಗಾಗ ತಿರುವಿಹಾಕುವ ಅಭ್ಯಾಸವಿದೆ. ಅಮೆರಿಕದ ಟೇಲರ್ ೧೯೧೧ರಲ್ಲಿ ಪ್ರತಿಪಾದಿಸಿದ ವೈಜ್ಞಾನಿಕ ನಿರ್ವಹಣೆ, ಫ್ರಾನ್ಸಿನ ಫಯೋಲ್ ೧೯೧೬ರಲ್ಲಿ ಪ್ರಕಟಿಸಿದ ಹದಿನಾಲ್ಕು ತತ್ತ್ವಗಳು, ಇವು ಅಲ್ಲಿನ ಮುಖ್ಯ ಪಾಠಗಳು. ಇವನ್ನು ಓದಬೇಕಾದದ್ದೇ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಮಕ್ಕಳು ಇವನ್ನು ಉರುಹೊಡೆಯುತ್ತ, ಇದೇ ಪಾಠ ತಮ್ಮ ಅಂಗಳದಲ್ಲಿಯೇ ನಡೆದುಹೋದುದನ್ನು ಅರಿಯದಿದ್ದರೆ ಅದು ದೊಡ್ಡ ನಷ್ಟವೇ ಸರಿ.

ಮೊದಲು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನೋಡೋಣ. ಟೇಲರನ ಗ್ರಂಥಕ್ಕೆ ಒಂಬತ್ತು ವರ್ಷ ಮೊದಲು, ೧೯೦೨ರಲ್ಲಿ, ಇಲ್ಲಿಯ ಜಲವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಕೆಲಸವಿದು. ನೀರಿನ ಬಲ, ಯಂತ್ರದ ಬಲಗಳಷ್ಟೇ ಇದಕ್ಕೆ ಕಾರಣವಲ್ಲ. ವಿದ್ಯುತ್ತನ್ನು ಕೊಳ್ಳುವವರು ಯಾರೆಂಬುದು ಮೊದಲೇ ನಿಶ್ಚಯವಾಗಿತ್ತು. ಗಣಿಯ ಕಂಪನಿಗಳೊಡನೆ ಒಪ್ಪಂದವಾಗಿತ್ತು. ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿದ್ದು ಆಮೇಲೆ, ೧೯೦೫ರಲ್ಲಿ. ‘ಯೋಜನೆ’ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕೆ?

ಮದ್ದೂರಿನ ಕಥೆ ಚಿಕ್ಕದು, ಆದರೆ ರುಚಿಯಾದದ್ದು. ಬೆಂಗಳೂರಿನಿಂದ ಬಂದ ರೈಲು ಹಾದಿ ೧೮೮೨ರಲ್ಲಿ ಮೈಸೂರನ್ನು ಸೇರಿತು. ೧೯೧೭ರಲ್ಲಿ ಮದ್ದೂರು ನಿಲ್ದಾಣದ ಉಪಾಹಾರಗೃಹದಲ್ಲಿ ರಾಮಚಂದ್ರ ಬುದ್ಯರು, ಪಕೋಡ ಬೇಯುವಷ್ಟು ಹೊತ್ತಿಲ್ಲದೆ ರೈಲು ಬಂದುಬಿಡುವುದನ್ನು ಕಂಡು, ಹಿಟ್ಟನ್ನೇ ಅಗಲವಾಗಿ ತಟ್ಟಿ ಕರಿದರೆಂದು ಹೇಳುತ್ತಾರೆ. ಮದ್ದೂರು ವಡೆ ಹುಟ್ಟಿದ್ದು ಹೀಗೆ. ‘ಉದ್ಯಮ’ವೆಂಬ ಶಬ್ದಕ್ಕೆ ಮೂಲದಲ್ಲಿ ಪ್ರಯತ್ನವೆಂದೇ ಅರ್ಥ. ಗಿರಾಕಿಯ ಕಾಲವನ್ನು ರೈಲು ಗೊತ್ತುಮಾಡಿದ್ದಾಗ ಅದಕ್ಕೆ ತಕ್ಕಂತೆ ಪದಾರ್ಥದ ರೂಪವನ್ನೇ ಬದಲಿಸಿದ ಬಗೆ ಇಲ್ಲಿದೆ.

ಇನ್ನು ಮಂಡ್ಯ. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದ ಮೇಲೆ ಕಬ್ಬು ಬೆಳೆಯಿತು; ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಕೃಷಿ ಇಲಾಖೆಯ ಕೋಲ್ಮನ್ ಅವರ ಶ್ರಮದಿಂದ, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರದ ಜೊತೆಗೆ ರೈತರೂ ಷೇರು ಪಡೆದರು. ಕಬ್ಬು ಒದಗಿಸುವವನೇ ಕಂಪನಿಯ ಪಾಲುದಾರನೂ ಆದನೆಂಬುದು ಸಣ್ಣ ಮಾತಲ್ಲ.

ಆದರೆ ಕಬ್ಬಿನ ಸ್ವಭಾವ ಕಠಿಣ. ಕಡಿದ ಬಳಿಕ ಬೇಗ ಅರೆಯದಿದ್ದರೆ ಅದರ ಸಕ್ಕರೆಯ ಅಂಶ ಕುಗ್ಗುತ್ತದೆ. ಯಾವ ಗದ್ದೆಯನ್ನು ಯಾವ ದಿನ ಕಡಿಯಬೇಕು, ಎಷ್ಟು ಗಾಡಿ ಬರಬೇಕು ಎಂಬುದು ಲೆಕ್ಕದಂತೆ ಸಾಗಬೇಕು. ಜೊತೆಗೆ ಬೆಲ್ಲದ ಬೆಲೆ ಏರಿದಾಗ ಕಬ್ಬು ಕಾರ್ಖಾನೆಯನ್ನು ಬಿಟ್ಟು ಆಲೆಮನೆಯ ಕಡೆ ತಿರುಗುತ್ತದೆ. ಕಾರ್ಖಾನೆಯು ಇತ್ತೀಚಿನ ವರ್ಷಗಳಲ್ಲಿ ಅರೆಯುವುದನ್ನು ನಿಲ್ಲಿಸಿ, ೨೦೨೨ರಲ್ಲಿ ಮತ್ತೆ ಆರಂಭಿಸಿತು. ಅದು ನಿಂತ ಹಂಗಾಮುಗಳಲ್ಲಿ ಕಬ್ಬನ್ನು ಬೇರೆಡೆಗೆ ಸಾಗಿಸಬೇಕಾಯಿತು. ಆ ಸಾಗಣೆಯ ಭಾರ ರೈತನ ಮನೆಯ ಲೆಕ್ಕದಲ್ಲಿ, ಮಗನ ಕಾಲೇಜಿನ ಶುಲ್ಕದಲ್ಲಿಯೂ ಕಾಣಿಸಿತು. ಸಮನ್ವಯ, ನಿಯಂತ್ರಣ ಎಂಬ ಮಾತುಗಳಿಗೆ ಇಲ್ಲಿ ಅನ್ನದ ಬೆಲೆಯಿದೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಆಲೆಮನೆಗೆ ಕರೆದೊಯ್ಯಿರಿ. ಗಾಣಕ್ಕೆ ಕಬ್ಬು ಕೊಡುವವನಾರು, ಉರಿ ಹಾಕುವವನಾರು, ಪಾಕ ಬಂದಿತೆಂದು ತೀರ್ಮಾನಿಸುವವನಾರು ಎಂದು ಕೇಳಿ ಬರೆದುಕೊಳ್ಳಲಿ. ಕೂಲಿ ಎಷ್ಟು, ಬೆಲ್ಲಕ್ಕೆ ಬಂದ ಬೆಲೆ ಎಷ್ಟು ಎಂಬ ಲೆಕ್ಕವನ್ನೂ ಮಾಡಲಿ. ಫಯೋಲನ ಹದಿನಾಲ್ಕರಲ್ಲಿ ಮೊದಲನೆಯದು ಶ್ರಮವಿಭಜನೆ. ಕೊಪ್ಪರಿಗೆಯ ಬಳಿ ನಿಂತು ಅದನ್ನು ಕಂಡ ಹುಡುಗ ಪರೀಕ್ಷೆ ಮುಗಿದ ಮೇಲೂ ಅದನ್ನು ಮರೆಯಲಾರ.