ಪರಿಸರ ವಿಜ್ಞಾನದ ಜನಸಂವಹನ: ಪಶ್ಚಿಮಘಟ್ಟದ ಯುವ ಸಂಶೋಧಕರ ಪರಂಪರೆ

ಕಾಡು, ಹೊಳೆ, ಕೆರೆ, ಅಳಿವೆಗಳನ್ನು ಅಧ್ಯಯನ ಮಾಡುವ ಸಂಶೋಧಕರು ತಾವು ಕಂಡುಕೊಂಡದ್ದನ್ನು ಆ ನೆಲದಲ್ಲೇ ಬದುಕುವ ಜನರ ಮುಂದೆ, ಅವರ ಮಾತಿನಲ್ಲಿ ಇಡುವ ಪರಿಪಾಠ. ಪಶ್ಚಿಮಘಟ್ಟದ ಊರುಗಳಲ್ಲಿ ಇದು 1970ರ ದಶಕದಲ್ಲಿ ಬಲ ಪಡೆಯಿತು. ಇಲ್ಲಿ ವಿಜ್ಞಾನ ಮೇಲಿನಿಂದ ಕೆಳಗೆ ಹರಿದದ್ದಕ್ಕಿಂತ ಹೆಚ್ಚಾಗಿ ಜನರಿಂದ ವಿಜ್ಞಾನಿಗೆ, ವಿಜ್ಞಾನಿಯಿಂದ ಮರಳಿ ಜನರಿಗೆ ಎರಡೂ ಕಡೆ ನಡೆದಾಡಿತು ಎಂಬುದೇ ಈ ಪರಂಪರೆಯ ವಿಶೇಷ. ಹೇಳಲು ಹೋದವರಿಗಿಂತ ಕೇಳಲು ಹೋದವರು ಹೆಚ್ಚು ದೂರ ತಲುಪಿದರು.

ಹಿನ್ನೆಲೆ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಪ್ರಯತ್ನ ಪರಿಸರದ ಕಾಳಜಿಗಿಂತ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು 1918ರಲ್ಲಿ ಹೊರತಂದರು. ಶಿವರಾಮ ಕಾರಂತರು ಒಬ್ಬರೇ ಕುಳಿತು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳ ಸಂಪುಟಗಳನ್ನು ಬರೆದರು. ನೆರೆಯ ಕೇರಳದಲ್ಲಿ 1962ರಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ಹುಟ್ಟಿತು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ 'ಪರಿಸರ' ಎಂಬ ಪದ ಪತ್ರಿಕೆಗಳಲ್ಲಿ ಓಡಾಡತೊಡಗಿತಾದರೂ ಅದಕ್ಕೆ ಮಣ್ಣಿನ ವಾಸನೆ ಬಂದದ್ದು ಬಿದಿರಿನ ಮೆಳೆಗಳ ನಡುವೆ.

ಬಿದಿರಿನ ಪಾಠ. ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮುಗಿಸಿ ಬಂದ ಮಾಧವ ಗಾಡ್ಗೀಳ್ 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅದೇ ಹೊತ್ತಿಗೆ ಬುಟ್ಟಿ ಹೆಣೆದು ಬದುಕುವ ಮೇದಾರರು ಬಿದಿರೇ ಸಿಗುತ್ತಿಲ್ಲವೆಂದು ದೂರುತ್ತಿದ್ದರು. ಕಾಗದದ ಕಾರ್ಖಾನೆಗಳಿಗೆ ಮಾತ್ರ ಸರ್ಕಾರಿ ಕಾಡಿನ ಬಿದಿರು ನಾಮಮಾತ್ರದ ದರಕ್ಕೆ ಹೋಗುತ್ತಿತ್ತು. ಇದನ್ನು ಪರಿಶೀಲಿಸುವಂತೆ 1975ರಲ್ಲಿ ರಾಜ್ಯ ಸರ್ಕಾರ ಗಾಡ್ಗೀಳರನ್ನು ಕೇಳಿಕೊಂಡಾಗ ಅವರಿಗೆ 33ರ ಪ್ರಾಯ. ಅವರ ವಿದ್ಯಾರ್ಥಿ ಎಸ್. ನರೇಂದ್ರ ಪ್ರಸಾದ್ ಉತ್ತರ ಕನ್ನಡದ ಕಾಡಿನಲ್ಲಿ ಮೆಳೆಗಳನ್ನು ಎಣಿಸುತ್ತ ಅಲೆದರು.

ಬಿದಿರು ಕಡಿಯುವವರು ಮೊದಲು ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಮುಳ್ಳು ತೆಗೆದರೆ ಮೆಳೆಗೆ ಉಸಿರಾಡಲು ಜಾಗವಾಗುತ್ತದೆ, ಕಳಲೆ ಚೆನ್ನಾಗಿ ಏಳುತ್ತದೆ ಎಂಬುದು ಅರಣ್ಯಶಾಸ್ತ್ರದ ನಂಬಿಕೆ. ಹಳ್ಳಿಯವರ ಮಾತು ಬೇರೆಯಿತ್ತು. ಮುಳ್ಳೇ ಕಳಲೆಗೆ ಬೇಲಿ, ಅದನ್ನು ಸವರಿದರೆ ಮೊಳಕೆ ದನಕರುಗಳ, ಕಾಡುಪ್ರಾಣಿಗಳ ಪಾಲಾಗುತ್ತದೆ ಎಂದು ಅವರು ಹೇಳಿದರು. ಅಳತೆಗೆ ಇಳಿದು ನೋಡಿದಾಗ ಹಳ್ಳಿಯವರೇ ಸರಿ ಎಂದು ಗೊತ್ತಾಯಿತು. ಈ ಪ್ರಸಂಗವನ್ನು ಗಾಡ್ಗೀಳ್ ಮುಂದೆ ಭಾಷಣಗಳಲ್ಲೂ ಬರಹಗಳಲ್ಲೂ ಮತ್ತೆ ಮತ್ತೆ ನೆನೆದರು. ಒಬ್ಬ ತರುಣ ವಿಜ್ಞಾನಿ ತನ್ನ ಪಠ್ಯಪುಸ್ತಕವನ್ನು ಬದಿಗಿಟ್ಟು ದನ ಮೇಯಿಸುವವರ ಮಾತನ್ನು ಪ್ರಯೋಗಕ್ಕೆ ಒಡ್ಡಿದ್ದು ಕರ್ನಾಟಕದ ಪರಿಸರ ವಿಜ್ಞಾನದ ತಿರುವುಗಳಲ್ಲೊಂದು ಎನ್ನಬೇಕು. ಜನರ ತಿಳಿವಳಿಕೆಗೆ ಅಂಕಿಯ ಬೆಂಬಲ ಸಿಕ್ಕರೆ ಕಚೇರಿಯ ಮೇಜಿನ ಮೇಲೆ ಅದಕ್ಕೂ ತೂಕ ಬರುತ್ತದೆ ಎಂಬುದು ಇಲ್ಲಿ ಮೊದಲು ಕಂಡಿತು.

ಮೌನ ಕಣಿವೆ ಮತ್ತು ಬೇಡ್ತಿ. ಪಾಲಕ್ಕಾಡ್ ಜಿಲ್ಲೆಯ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ ಸೈಲೆಂಟ್ ವ್ಯಾಲಿಯ ಮಳೆಕಾಡನ್ನು ಮುಳುಗಿಸುವ ಯೋಜನೆ ಬಂದಾಗ ಸಸ್ಯಶಾಸ್ತ್ರದ ಅಧ್ಯಾಪಕ ಎಂ.ಕೆ. ಪ್ರಸಾದ್ ಮಲಯಾಳಂನಲ್ಲಿ ಅದರ ವಿರುದ್ಧ ಬರೆದರು. ಶಾಸ್ತ್ರ ಸಾಹಿತ್ಯ ಪರಿಷತ್ತು 1979ರಲ್ಲಿ ಹೊರತಂದ ಅಧ್ಯಯನದಲ್ಲಿ ಅವರೊಂದಿಗೆ ಎಂಜಿನಿಯರ್, ಅರ್ಥಶಾಸ್ತ್ರಜ್ಞ, ಕೃಷಿ ವಿಜ್ಞಾನಿಗಳೂ ಇದ್ದರು. ಸಿಂಗಳೀಕಗಳ ಉಳಿವಿನ ಪ್ರಶ್ನೆಯ ಜೊತೆಗೇ ಮಲಬಾರಿಗೆ ಬೇಕಾದ ವಿದ್ಯುತ್ತು ಬೇರೆಲ್ಲಿಂದ ಬರಬಹುದು ಎಂಬ ಲೆಕ್ಕವನ್ನೂ ಅವರು ಹಾಕಿದರು. ಕಾಡು ಬೇಕೋ ದೀಪ ಬೇಕೋ ಎಂದು ಕೇಳುವವರ ಬಾಯಿ ಕಟ್ಟಿದ್ದು ಈ ಲೆಕ್ಕ. ಯೋಜನೆಯನ್ನು 1983ರಲ್ಲಿ ಕೈಬಿಡಲಾಯಿತು, ಮರುವರ್ಷ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಉತ್ತರ ಕನ್ನಡದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಎದುರು ನಿಂತವರು ಅಡಿಕೆ ಬೆಳೆಗಾರರು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1981ರ ಆರಂಭದಲ್ಲಿ ವಿಜ್ಞಾನಿಗಳನ್ನು ಊರಿಗೇ ಕರೆಸಿ ವಿಚಾರ ಸಂಕಿರಣ ನಡೆಸಿತು. ಅಣೆಕಟ್ಟಿನ ಲಾಭ–ನಷ್ಟದ ಸರ್ಕಾರಿ ಲೆಕ್ಕದಲ್ಲಿ ಬಿಟ್ಟುಹೋದ ತೋಟ, ಸೊಪ್ಪಿನ ಬೆಟ್ಟ, ಕಾಡುತ್ಪನ್ನಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಲಾಯಿತು. ರೈತರ ಸಹಕಾರಿ ಸಂಘವೊಂದು ತನ್ನ ಪ್ರಶ್ನೆಗಳನ್ನು ತಾನೇ ಸಿದ್ಧಪಡಿಸಿ, ಉತ್ತರ ಹೇಳಿ ಎಂದು ತಜ್ಞರನ್ನು ಕೂರಿಸಿದ್ದು ದೇಶದಲ್ಲೇ ವಿರಳ. ಆ ಯೋಜನೆಯೂ ನಿಂತಿತು. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಆರಂಭಿಸಿದ ಅಪ್ಪಿಕೋ ಚಳವಳಿಗೆ ನೆಲ ಹದವಾದದ್ದು ಇಂಥ ಮಾತುಕತೆಗಳಿಂದಲೂ ಹೌದು.

ಪತ್ರಿಕೆ, ಜಾಥಾ, ನಡಿಗೆ. ಖರಗ್‌ಪುರದ ಐಐಟಿಯಲ್ಲೂ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲೂ ಓದಿದ ನಾಗೇಶ ಹೆಗಡೆ ಪತ್ರಿಕೋದ್ಯಮವನ್ನು ಆರಿಸಿಕೊಂಡದ್ದು ಕನ್ನಡಕ್ಕೆ ದೊಡ್ಡ ಲಾಭ. 'ಇರುವುದೊಂದೇ ಭೂಮಿ' ಕೃತಿಯಿಂದಲೂ 'ಪ್ರಜಾವಾಣಿ'ಯ 'ವಿಜ್ಞಾನ ವಿಶೇಷ' ಅಂಕಣದಿಂದಲೂ ಅವರು ಪರಿಸರದ ಬರಹಕ್ಕೆ ಕಥೆಯ ಓಟವನ್ನೂ ಪುರಾವೆಯ ಶಿಸ್ತನ್ನೂ ಒಟ್ಟಿಗೆ ತಂದರು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಪತ್ರಿಕೆಯ ಮೂಲಕ ಶಾಲೆಗಳನ್ನು ತಲುಪಿತು. 1987ರ ಅಕ್ಟೋಬರ್ 2ರಂದು ದೇಶದ ಐದು ದಿಕ್ಕುಗಳಿಂದ ಹೊರಟ ಭಾರತ ಜನ ವಿಜ್ಞಾನ ಜಾಥಾ ನವೆಂಬರ್ 7ರಂದು, ಸಿ.ವಿ. ರಾಮನ್ ಜನ್ಮದಿನ, ಭೋಪಾಲ್‌ನಲ್ಲಿ ಕೂಡಿತು. ವಿಷಾನಿಲ ದುರಂತದ ಊರನ್ನೇ ಅದು ಸೇರಿದ್ದು ಅರ್ಥಪೂರ್ಣ. ಅದೇ ನವೆಂಬರಿನಲ್ಲಿ ಪಶ್ಚಿಮಘಟ್ಟ ಉಳಿಸಿ ನಡಿಗೆ ಶುರುವಾಯಿತು. ಒಂದು ತಂಡ ಕನ್ಯಾಕುಮಾರಿಯಿಂದ ಬಡಗಣಕ್ಕೆ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ ತೆಂಕಣಕ್ಕೆ ನಡೆದು 1988ರ ಫೆಬ್ರುವರಿಯಲ್ಲಿ ಗೋವಾದಲ್ಲಿ ಸಂಧಿಸಿದವು. ಘಟ್ಟವನ್ನು ಒಂದೇ ಬೆನ್ನೆಲುಬಾಗಿ ಕಾಣುವ ದೃಷ್ಟಿ ಸಾಮಾನ್ಯ ಓದುಗರಿಗೆ ಈ ನಡಿಗೆಯಿಂದ ಬಂತು.

ತರಗತಿಯಿಂದ ಹೊರಗೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದವರು ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ತಾಯ್ನುಡಿಯಲ್ಲೇ ಮಂಡಿಸಬಹುದಾಗಿತ್ತು. ಗಾಡ್ಗೀಳ್ ಕಟ್ಟಿದ ಪಶ್ಚಿಮಘಟ್ಟ ಜೀವವೈವಿಧ್ಯ ಜಾಲ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಸಮೀಕ್ಷೆಗೆ ಇಳಿಸಿತು. ಊರವರೊಡನೆ ಕೂತು ಗಿಡ, ಮೀನು, ಭತ್ತದ ತಳಿಗಳ ಬಗ್ಗೆ ಅವರಿಗಿದ್ದ ತಿಳಿವನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇದೇ ದಶಕದಲ್ಲಿ ರೂಪುಗೊಂಡಿತು. 2002ರ ಜೀವವೈವಿಧ್ಯ ಕಾಯ್ದೆ, 2004ರ ನಿಯಮಗಳ ನಂತರ ಅದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ಆದರೆ ಕೂತು ಕೇಳುವ ಕೆಲಸಕ್ಕೆ ವೇಳೆ ಬೇಕು. ಅವಸರದಲ್ಲಿ ತುಂಬಿದ ನಮೂನೆಗಳಲ್ಲಿ ಊರಿನ ದನಿ ಉಳಿಯುವುದಿಲ್ಲ.

ತಲುಪದ ವರದಿ. ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿ 2012ರವರೆಗೆ ಸಾರ್ವಜನಿಕವಾಗಲಿಲ್ಲ. ಅದನ್ನು ಆಯಾ ರಾಜ್ಯದ ಭಾಷೆಗಳಿಗೆ ತಂದು ಗ್ರಾಮಸಭೆಗಳ ಮುಂದಿಡಬೇಕೆಂದು ಗಾಡ್ಗೀಳ್ ಒತ್ತಾಯಿಸುತ್ತಲೇ ಇದ್ದರು. ಹಾಗಾಗಲಿಲ್ಲ. ಮಲೆನಾಡಿನ ಮನೆಗಳಿಗೆ ವರದಿಗಿಂತ ಮೊದಲು ಮುಟ್ಟಿದ್ದು ಒಕ್ಕಲೆಬ್ಬಿಸುತ್ತಾರೆಂಬ ಭಯ. ಆ ವರದಿಯನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ಸಮಿತಿಯ 2013ರ ವರದಿ ಕರ್ನಾಟಕದಲ್ಲಿ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿದಾಗಲೂ ಅದೇ ಭಯ ಮರುಕಳಿಸಿತು, ರಾಜ್ಯ ಸರ್ಕಾರ ವರದಿಯನ್ನು ತಿರಸ್ಕರಿಸಿತು. ಬೇಡ್ತಿಯಲ್ಲಿ ಜನರೇ ವಿಜ್ಞಾನಿಯನ್ನು ಕರೆದಿದ್ದರು. ಇಲ್ಲಿ ತಮ್ಮ ಊರಿನ ಹೆಸರು ಪಟ್ಟಿಯಲ್ಲಿದೆ ಎಂಬ ಸುದ್ದಿ ಮಾತ್ರ ಬಂತು. ವಿಜ್ಞಾನ ಎಷ್ಟು ಗಟ್ಟಿಯಾಗಿದ್ದರೂ ಈ ಅಂತರವನ್ನು ಅದೊಂದೇ ತುಂಬಲಾರದು.

ಇತ್ತೀಚಿನ ಬೆಳವಣಿಗೆ. 2010ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವಿದ್ಯಾರ್ಥಿಗಳ ಸಂರಕ್ಷಣಾ ವಿಜ್ಞಾನ ಸಮ್ಮೇಳನ ಯುವ ಸಂಶೋಧಕರಿಗೆ ವೇದಿಕೆಯಾಗಿದೆ. ಪಿಎಚ್‌.ಡಿ. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಸರಳ ಲೇಖನವಾಗಿ ಬರೆದರೆ ಬಹುಮಾನ ಕೊಡುವ 'ಅವಸರ್' ಯೋಜನೆಯನ್ನು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ತಂದಿತು. ಹಕ್ಕಿ ನೋಡುವ ಸಾವಿರಾರು ಹವ್ಯಾಸಿಗಳ ಟಿಪ್ಪಣಿಗಳಿಂದ ಸಿದ್ಧವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 2023ರಲ್ಲಿ 942 ಪ್ರಭೇದಗಳನ್ನು ಪರಿಶೀಲಿಸಿತು. ಇಷ್ಟಾದರೂ ಸಂಶೋಧಕರ ಏಳಿಗೆಯನ್ನು ಅಳೆಯುವುದು ಇಂಗ್ಲಿಷ್ ಪ್ರಬಂಧಗಳಿಂದಲೇ. ಕನ್ನಡದಲ್ಲಿ ಬರೆದ ಲೇಖನ, ಊರಿನ ಶಾಲೆಯಲ್ಲಿ ಕಳೆದ ಮಧ್ಯಾಹ್ನ ಯಾವ ಅಂಕಪಟ್ಟಿಗೂ ಸೇರುವುದಿಲ್ಲ. ಈ ಕ್ಷೇತ್ರದ ದೊಡ್ಡ ಅನ್ಯಾಯ ಇದು.

ಅಘನಾಶಿನಿ. ಕುಮಟಾ ಬಳಿಯ ಈ ಅಳಿವೆಯಲ್ಲಿ ನೀರು ಇಳಿದಾಗ ಗಂಡಸರು, ಹೆಂಗಸರು ಕೆಸರಿಗಿಳಿದು ಬಳಚು ಹೆಕ್ಕುತ್ತಾರೆ. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವವಿದ್ದ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ತಂಡವೊಂದು ಈ ಜನರ ಬಳಿ ನಿಂತು ಲೆಕ್ಕ ಹಾಕಿತು. ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಅವರೊಡನೆ ತರುಣ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಇಲ್ಲಿಂದ ಹೊರಬರುತ್ತಿದ್ದವು. ಅದರ ಬೆಲೆ 5.78 ಕೋಟಿ ರೂಪಾಯಿ, ಕೆಲಸ ಸಿಗುತ್ತಿದ್ದದ್ದು 2,300ಕ್ಕೂ ಹೆಚ್ಚು ಮಂದಿಗೆ. ಬುಟ್ಟಿಯ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದ ಬಳಚು ಆ ನಂತರ ಅಳಿವೆಯ ಪರವಾದ ವಾದಗಳಲ್ಲಿ ಟನ್ನುಗಳಾಗಿ, ಕೋಟಿಗಳಾಗಿ ಎದ್ದುನಿಂತಿತು. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂಕಸಮುದ್ರ, ಮಾಗಡಿ ಕೆರೆಗಳೊಂದಿಗೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.