ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಲಿಮಿಟೆಡ್
ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ಮ್ಯಾಂಗನೀಸ್ ಹಾಗೂ ಕಬ್ಬಿಣದ ಅದಿರು ತೆಗೆಯುವ ಖಾಸಗಿ ವಲಯದ ಗಣಿ ಕಂಪನಿ. ಸಂಡೂರು ಸಂಸ್ಥಾನದ ಕೊನೆಯ ದೊರೆ ಯಶವಂತರಾವ್ ಹಿಂದೂರಾವ್ ಘೋರ್ಪಡೆ 1954ರಲ್ಲಿ ಸ್ಥಾಪಿಸಿದರು. ಗಣಿಗಾರಿಕೆಯ ಕೇಂದ್ರ ದೇವಗಿರಿ. ಹೊಸಪೇಟೆ ಬಳಿಯ ವ್ಯಾಸನಕೆರೆಯಲ್ಲಿ ಫೆರೋ ಮಿಶ್ರಲೋಹ ಘಟಕವಿದೆ. ಕಂಪನಿಯ ಸಮುದಾಯ ಕಾರ್ಯದಲ್ಲಿ ಅತ್ಯಂತ ಗಮನಾರ್ಹವಾದುದು ಸಂಡೂರು ಕುಶಲ ಕಲಾ ಕೇಂದ್ರಕ್ಕೆ ನೀಡುತ್ತಿರುವ ಬೆಂಬಲ. 1980ರ ದಶಕದಲ್ಲಿ ಆರಂಭವಾದ ಈ ಕೇಂದ್ರ ಸುತ್ತಲಿನ ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಕಸೂತಿಯಿಂದ ದುಡಿಮೆ ಒದಗಿಸಿತು. ಗಣಿಯ ಆಯುಷ್ಯಕ್ಕೆ ಕಟ್ಟುಬೀಳದ ಜೀವನೋಪಾಯವೆಂಬುದೇ ಇದರ ಹೆಚ್ಚುಗಾರಿಕೆ. ಕನ್ನಡಿ ಚೂರು, ಕವಡೆ, ಬಣ್ಣದ ಬಟ್ಟೆತುಂಡುಗಳನ್ನು ಕೂಡಿಸುವ ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಲಭಿಸಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಂಸ್ಕೃತಿ ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.