ಕೈಸೆಕಿ

ಕೈಸೆಕಿ ಎಂಬುದು ಜಪಾನಿನ ಸಾಂಪ್ರದಾಯಿಕ ಭೋಜನ ಪದ್ಧತಿ. ಋತುಮಾನಕ್ಕೆ ತಕ್ಕ ಚಿಕ್ಕ ಚಿಕ್ಕ ಭಕ್ಷ್ಯಗಳನ್ನು ನಿಗದಿತ ಕ್ರಮದಲ್ಲಿ ಒಂದಾದ ಮೇಲೊಂದರಂತೆ ಬಡಿಸುವುದು ಇದರ ಲಕ್ಷಣ. ಕ್ಯೋಟೋ ನಗರವು ಇದಕ್ಕೆ ಹೆಸರುವಾಸಿಯಾಗಿದೆ.

ಹೆಸರು

ಒಂದೇ ಉಚ್ಚಾರಣೆಯ ಈ ಪದವನ್ನು ಜಪಾನಿ ಲಿಪಿಯಲ್ಲಿ ಎರಡು ಬಗೆಯಾಗಿ ಬರೆಯಲಾಗುತ್ತದೆ. ಒಂದು, ಚಹಾಕೂಟದಲ್ಲಿ ಗಟ್ಟಿ ಚಹಾಕ್ಕೆ ಮುನ್ನ ನೀಡುವ ಮಿತವಾದ ಊಟ. ಇನ್ನೊಂದು, ಸಾಕೆ ಎಂಬ ಮದ್ಯದೊಡನೆ ಸವಿಯುವ ಔತಣ. ಮೊದಲನೆಯದರ ಅಕ್ಷರಾರ್ಥ 'ಎದೆಯ ಬಳಿಯ ಕಲ್ಲು'. ಝೆನ್ ಸನ್ಯಾಸಿಗಳು ಹಸಿವನ್ನು ತಡೆಯಲು ಬಿಸಿಮಾಡಿದ ಕಲ್ಲನ್ನು ಉಡುಪಿನೊಳಗೆ ಇರಿಸಿಕೊಳ್ಳುತ್ತಿದ್ದರೆಂಬ ಪ್ರತೀತಿಯಿದೆ. ಚಹಾಗುರು ಸೆನ್ ನೊ ರಿಕ್ಯೂ (1522–1591) ಹೆಸರಿನೊಡನೆ ಈ ಸರಳ ಊಟವು ತಳುಕು ಹಾಕಿಕೊಂಡಿದೆ. ಇದರಲ್ಲಿ ಅನ್ನವು ಆರಂಭದಲ್ಲಿಯೇ ಬರುತ್ತದೆ. ಔತಣದಲ್ಲಾದರೋ ಕೊನೆಯಲ್ಲಿ, ಮಿಸೋ ಸಾರು ಹಾಗೂ ಉಪ್ಪಿನಲ್ಲಿ ಹಾಕಿದ ತರಕಾರಿಗಳೊಡನೆ.

ಬಡಿಸುವ ಕ್ರಮ

ಔತಣದಲ್ಲಿ ಮೊದಲ ತುತ್ತಿನ ತಿನಿಸು, ತಿಳಿಸಾರು, ಹಸಿಮೀನು, ಸುಟ್ಟ ಹಾಗೂ ಬೇಯಿಸಿದ ಪದಾರ್ಥಗಳು ಸಾಮಾನ್ಯವಾಗಿ ಇರುತ್ತವೆ. 'ಹಸ್ಸುನ್' ಎಂಬ ಭಕ್ಷ್ಯಕ್ಕೆ ಆ ಹೆಸರು ಬಂದಿರುವುದು ಎಂಟು ಸುನ್, ಅಂದರೆ ಸುಮಾರು 24 ಸೆಂ.ಮೀ. ಅಳತೆಯ ಚೌಕ ತಟ್ಟೆಯಿಂದ. ವಸಂತದಲ್ಲಿ ಎಳೆಬಿದಿರು (ನಮ್ಮ ಮಲೆನಾಡಿನ ಕಳಲೆಯಂಥದೇ), ಬೇಸಿಗೆಯಲ್ಲಿ ಹಾಮೊ ಮೀನು, ಶರತ್ಕಾಲದಲ್ಲಿ ಮತ್ಸುತಾಕೆ ಅಣಬೆ ಮುಖ್ಯವಾಗುತ್ತವೆ. ಪಾತ್ರೆಗಳೂ ಋತುವಿನೊಡನೆ ಬದಲಾಗುತ್ತವೆ.

ಚಿಕ್ಕ ಭೋಜನಶಾಲೆಗಳಲ್ಲಿ ಆಯ್ಕೆಯನ್ನು ಬಹುಮಟ್ಟಿಗೆ ಬಾಣಸಿಗನಿಗೇ ಬಿಡಲಾಗುತ್ತದೆ. ಸಾರಿನ ಮೂಲವಾದ 'ದಾಶಿ'ಯನ್ನು ಕೊಂಬು ಎಂಬ ಕಡಲಕಳೆ ಮತ್ತು ಒಣಮೀನಿನ ಎಸಳುಗಳಿಂದ ತಯಾರಿಸುವುದರಿಂದ, ನೋಟಕ್ಕೆ ಬರೀ ತರಕಾರಿಯೆನಿಸುವ ಭಕ್ಷ್ಯವೂ ಸಸ್ಯಾಹಾರವಾಗಿರದಿರಬಹುದು. ಸ್ಥಳ ಕಾಯ್ದಿರಿಸುವಾಗಲೇ ಇದನ್ನು ತಿಳಿಸುವುದು ಸೂಕ್ತ. ಬೌದ್ಧ ವಿಹಾರಗಳ 'ಶೋಜಿನ್' ಅಡುಗೆಯಲ್ಲಿ ಮೀನಿನ ಬದಲು ಕೊಂಬು ಮತ್ತು ಒಣ ಶಿಟಾಕೆ ಅಣಬೆಯ ಸಾರನ್ನು ಬಳಸುತ್ತಾರೆ.